ಕೆಂಗೇರಿಯ ಮರಗೆಲಸದ ಮೇಷ್ಟ್ರು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ ಇಂದು ಮೆಟ್ರೋ ಕಂಬಗಳ ನೆರಳು ಹಿಡಿದು ಪ್ರಯಾಣ ಮಾಡುವವರಿಗೆ ನಗರ ಎಲ್ಲಿ ಮುಗಿದು ಕೆಂಗೇರಿ ಎಲ್ಲಿ ತೊಡಗಿತೆಂಬುದು ತಿಳಿಯುವ ಸಂಭವವಿಲ್ಲ. ಆದರೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಏರ್ಪಟ್ಟು, ಸುತ್ತಣ ಏಳು ನಗರಸಭೆಗಳೂ ನೂರಕ್ಕೆ ಮೀರಿದ ಗ್ರಾಮಗಳೂ ಅದರಲ್ಲಿ ಲೀನವಾದಾಗ, ಅವುಗಳೊಡನೆ ಸೇರಿದ ಏಕಮಾತ್ರ ಪುರಸಭೆ ಕೆಂಗೇರಿಯದಾಗಿತ್ತೆಂಬುದನ್ನು ನೆನೆದರೆ, ಅದು ಅಂದಿನವರೆಗೂ ತನ್ನದೇ ಆದ ಆಡಳಿತವನ್ನೂ ತನ್ನದೇ ಆದ ಹಿರಿಯರನ್ನೂ ಉಳ್ಳ ಒಂದು ಸಣ್ಣ ಪಟ್ಟಣವಾಗಿಯೇ ಬಾಳಿತ್ತೆಂಬುದು ಮನಸ್ಸಿಗೆ ಬರುತ್ತದೆ. ಅಂಥ ಊರಿನಲ್ಲಿ ಶಾಲೆಯ ಉಪಾಧ್ಯಾಯನೆಂದರೆ ಬೆಳಗಿನ ಹತ್ತರಿಂದ ಸಂಜೆಯ ಐದರವರೆಗಿನ ನೌಕರನಲ್ಲ. ಪತ್ರ ಓದಿಸಿಕೊಳ್ಳುವವರಿಗೂ, ಜಮೀನಿನ ಅಳತೆಯಲ್ಲಿ ಜಗಳ ಬಂದವರಿಗೂ, ಮಗನನ್ನು ಎಲ್ಲಿಗೆ ಸೇರಿಸಬೇಕೆಂದು ತೋಚದವರಿಗೂ ಅವನ ಮನೆಯ ಜಗುಲಿಯೇ ಕಚೇರಿ. ನಾನು ಈಗ ನೆನೆಯುತ್ತಿರುವ ಮೇಷ್ಟ್ರ ಜಗುಲಿಯಲ್ಲಿ ಇವರೆಲ್ಲರ ಜೊತೆಗೆ ಕಾಲು ಮುರಿದ ಮಣೆಗಳೂ ಕೀಲು ಸಡಿಲಿದ ತೊಟ್ಟಿಲುಗಳೂ ಸರದಿಯಲ್ಲಿ ಕಾದಿರುತ್ತಿದ್ದುವು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬದುಕಿದ್ದಾಗ ಸನ್ಮಾನಗಳಿಗೆ ಒಪ್ಪದಿದ್ದವರು ಅವರು. ಮನೆಯವರ ಇಚ್ಛೆಯೂ ಹಾಗೆಯೇ ಇದೆ. ಊರಿನವರು ಅವರನ್ನು ಕರೆಯುತ್ತಿದ್ದುದು 'ಆಚಾರ್ ಮೇಷ್ಟ್ರು' ಎಂದು, ಮಕ್ಕಳು ಕರೆಯುತ್ತಿದ್ದುದು 'ಸಾರ್' ಎಂದು, ಅಷ್ಟು ಸಾಕು.

ಮಾಗಡಿಯ ಕಡೆಯ ಒಂದು ಬಡಗಿ ಮನೆತನದಲ್ಲಿ ಅವರು ಹುಟ್ಟಿದರು. ತಂದೆ ಎತ್ತಿನ ಗಾಡಿಯ ಚಕ್ರಗಳನ್ನು ಕೂಡಿಸುವುದರಲ್ಲಿ ಹೆಸರಾದವರಂತೆ. ಮರದ ಚಕ್ರಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿ ಕಬ್ಬಿಣದ ಪಟ್ಟಿಯನ್ನು ಬಳಸಿ ಬೆಸೆದು, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಆ ಬಳೆಯನ್ನು ಚಕ್ರದ ಮೇಲೆ ಕೂರಿಸಿ ನೀರು ಸುರಿದೊಡನೆಯೇ ಅದು ಕುಗ್ಗಿ ಅರೆಕಾಲುಗಳನ್ನೆಲ್ಲ ಒಳಕ್ಕೆ ಬಿಗಿದುಕೊಳ್ಳುವ ಆ ದೃಶ್ಯವನ್ನು, ಮೇಷ್ಟ್ರು ಮುಂದೆ ಉಷ್ಣದಿಂದ ಲೋಹಗಳು ವ್ಯಾಕೋಚ ಹೊಂದುತ್ತವೆಂಬ ವಿಜ್ಞಾನದ ಪಾಠ ಬಂದಾಗಲೆಲ್ಲ ಪುಸ್ತಕವನ್ನು ಮುಚ್ಚಿಟ್ಟು ವರ್ಣಿಸುತ್ತಿದ್ದರು. ಪಠ್ಯದಲ್ಲಿದ್ದ ಗೋಲ-ಬಳೆಯ ಪ್ರಯೋಗ ನಮಗೆ ಪರೀಕ್ಷೆಯ ಮಾರನೆಯ ದಿನ ಮರೆಯುತ್ತಿತ್ತು. ನೀರು ಬಿದ್ದಾಗ ಏಳುತ್ತಿದ್ದ ಹೊಗೆಯೂ ಮರ ಕಿರುಗುಟ್ಟುತ್ತಿದ್ದ ಸದ್ದೂ ಮರೆಯಲಿಲ್ಲ.

ಓದಿನಲ್ಲಿಯೂ ಚುರುಕಾಗಿದ್ದ ಹುಡುಗನನ್ನು ತಂದೆ ಮೈಸೂರಿಗೆ ಕಳುಹಿಸಿದರು. ಅಲ್ಲಿಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಆ ಕಾಲಕ್ಕೆ ಇಡೀ ಸಂಸ್ಥಾನದ ಕುಶಲಕರ್ಮಿಗಳಿಗೆ ಒಂದು ವಿದ್ಯಾಪೀಠದಂತಿತ್ತು: 1906ರಲ್ಲಿ ಅಂದಿನ ವೇಲ್ಸ್ ರಾಜಕುಮಾರನಿಂದ ಅಸ್ತಿಭಾರ ಹಾಕಿಸಿಕೊಂಡು 1913ರಲ್ಲಿ ಬಾಗಿಲು ತೆರೆದ ಆ ಸಂಸ್ಥೆಯಲ್ಲಿ ಬೀಟೆಮರದ ಕುಂದಣದ ಕೆಲಸದಿಂದ ಹಿಡಿದು ಯಂತ್ರವಿದ್ಯೆಯವರೆಗೆ ಶಿಕ್ಷಣವಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಕೈಗಾರಿಕಾ ಶಿಕ್ಷಣಕ್ಕೆ ಕೊಟ್ಟ ಪ್ರೋತ್ಸಾಹ, ಮುಂದೆ 1943ರಲ್ಲಿ ಅವರದೇ ಪ್ರಯತ್ನದಿಂದ ಬೆಂಗಳೂರಿನಲ್ಲಿ ತಲೆಯೆತ್ತಿದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ, ಇವೆಲ್ಲವೂ ಒಂದೇ ಪ್ರವಾಹದ ಅಲೆಗಳು. ಮೈಸೂರಿನಲ್ಲಿ ಕಲಿತು ಬಂದ ನಮ್ಮ ಮೇಷ್ಟ್ರು ಕಾರ್ಖಾನೆಗೆ ಹೋಗಬಹುದಾಗಿತ್ತು, ಹೆಚ್ಚು ಸಂಬಳವನ್ನೂ ಪಡೆಯಬಹುದಾಗಿತ್ತು. ಕೆಂಗೇರಿಯ ಶಾಲೆಯೊಂದರಲ್ಲಿ ಮರಗೆಲಸದ ಉಪಾಧ್ಯಾಯರಾಗಿ ಸೇರಿ, ಗಣಿತದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಅವರ ಪಾಠವನ್ನೂ ತಾವೇ ವಹಿಸಿಕೊಂಡು, ನಿವೃತ್ತರಾಗುವವರೆಗೂ ಎರಡನ್ನೂ ನಡೆಸಿದರು.

ಹೀಗೆ ಎರಡು ಪಾಠಗಳು ಒಬ್ಬರ ಕೈಗೆ ಬಂದುದು ಆಕಸ್ಮಿಕ. ಅವೆರಡೂ ಒಂದೇ ಎಂದು ಅವರು ಕಂಡುಕೊಂಡುದು ಆಕಸ್ಮಿಕವಲ್ಲ. ಕೈಗೆಲಸದ ಮೂಲಕವೇ ಅಕ್ಷರವನ್ನೂ ಲೆಕ್ಕವನ್ನೂ ಕಲಿಸಬೇಕೆಂಬ ವಿಚಾರ ದೇಶದಲ್ಲಿ ಆಗ ಹೊಸದೇನಾಗಿರಲಿಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕರೆದ ಪರಿಷತ್ತು, ಅದರ ಫಲವಾಗಿ ಜಾಕಿರ್ ಹುಸೇನರ ಸಮಿತಿ ರೂಪಿಸಿದ ಮೂಲಶಿಕ್ಷಣದ ಯೋಜನೆ, ಅದರಲ್ಲಿ ನೂಲುವುದು ನೇಯುವುದರ ಪಕ್ಕದಲ್ಲಿಯೇ ಮರಗೆಲಸಕ್ಕೆ ದೊರೆತ ಸ್ಥಾನ, ಇವನ್ನು ಶಿಕ್ಷಣದ ಚರಿತ್ರೆ ಬಲ್ಲವರೆಲ್ಲ ಬಲ್ಲರು. ಅದಕ್ಕೂ ಎಷ್ಟೋ ಮೊದಲು, 1866ರಲ್ಲಿ, ಫಿನ್ಲೆಂಡಿನ ಊನೋ ಸಿಗ್ನೇಯಸ್ ತನ್ನ ದೇಶದ ಜನಶಾಲೆಗಳಲ್ಲಿ ಕೈಗೆಲಸವನ್ನು ಕಡ್ಡಾಯವಾಗಿಸಿದ್ದ. ಆ ಮೇಲೆ ಸ್ವೀಡನ್ನಿನ ನೇಸ್ ಎಂಬಲ್ಲಿ ಓಟೋ ಸಾಲೊಮನ್ ಮರಗೆಲಸದ ಉಪಾಧ್ಯಾಯರಿಗೆಂದೇ ನಡೆಸಿದ ವಿದ್ಯಾಲಯಕ್ಕೆ ನಾನಾ ದೇಶಗಳ ಶಿಕ್ಷಕರು ಬಂದು ಕಲಿತು ಹೋದರು. ಮಗುವನ್ನು ಬಡಗಿಯನ್ನಾಗಿ ಮಾಡುವುದು ತನ್ನ ಗುರಿಯಲ್ಲವೆಂದೂ, ಗಮನ, ಅಚ್ಚುಕಟ್ಟು, ಶ್ರಮದ ಮೇಲಣ ಗೌರವ ಇವು ಬೆಳೆಯಬೇಕೆಂಬುದೇ ಗುರಿಯೆಂದೂ ಸಾಲೊಮನ್ ತಿಳಿದಿದ್ದ. ನಮ್ಮ ಮೇಷ್ಟ್ರು ಸಾಲೊಮನ್ನನ ಹೆಸರನ್ನು ಕೇಳಿದ್ದರೋ ಇಲ್ಲವೋ, ಅವನ ಅಭಿಪ್ರಾಯ ಅವರದೂ ಆಗಿತ್ತು.

ಒಂದು ಪಾಠವನ್ನು ಮಾತ್ರ ಇಲ್ಲಿ ವಿಸ್ತಾರವಾಗಿ ಹೇಳಬೇಕೆನಿಸುತ್ತದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡುಗಳಲ್ಲಿ ದುಂಡುದಿಮ್ಮಿಯನ್ನು ಮಾರುವಾಗ ಅದರ ಘನ ಅಡಿಯನ್ನು ಲೆಕ್ಕ ಹಾಕುವ ಹಳೆಯ ಪದ್ಧತಿಯೊಂದುಂಟು. ದಿಮ್ಮಿಯ ನಡುವಿನ ಸುತ್ತಳತೆಯನ್ನು ಅಂಗುಲಗಳಲ್ಲಿ ಹಿಡಿದು, ಅದರ ಕಾಲುಭಾಗವನ್ನು ತೆಗೆದು, ವರ್ಗ ಮಾಡಿ, ಉದ್ದದ ಅಡಿಗಳಿಂದ ಗುಣಿಸಿ, 144ರಿಂದ ಭಾಗಿಸುವುದು. ನಲವತ್ತೆಂಟು ಅಂಗುಲ ಸುತ್ತಳತೆಯ, ಹತ್ತು ಅಡಿ ಉದ್ದದ ದಿಮ್ಮಿ ಹೀಗೆ ಸರಿಯಾಗಿ ಹತ್ತು ಘನ ಅಡಿಯಾಗುತ್ತದೆ. ಮೇಷ್ಟ್ರು ಈ ಲೆಕ್ಕವನ್ನು ಹಲಗೆಯ ಎಡಗಡೆ ಮಾಡಿಸಿ, ಬಲಗಡೆಯಲ್ಲಿ ಅದೇ ದಿಮ್ಮಿಯನ್ನು ಪುಸ್ತಕದ ಸೂತ್ರದಿಂದ, ಎಂದರೆ ವೃತ್ತದ ಕ್ಷೇತ್ರಫಲವನ್ನು ಉದ್ದದಿಂದ ಗುಣಿಸಿ, ಮಾಡಿಸುತ್ತಿದ್ದರು. ಅಲ್ಲಿ ಬರುತ್ತಿದ್ದ ಉತ್ತರ 12.73.

"ಸಾರ್, ಮಿಕ್ಕ ಎರಡೂಮುಕ್ಕಾಲು ಅಡಿ ಎಲ್ಲಿಗೆ ಹೋಯ್ತು?" ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳುವವರೆಗೆ ಅವರು ಕಾಯುತ್ತಿದ್ದರು. ಕೇಳಿದವನಿಗೆ ಉತ್ತರ ಹೇಳುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ತರಗತಿಯನ್ನೆಲ್ಲ ಸಾಲಾಗಿ ನಡೆಸಿಕೊಂಡು ಗರಗಸದ ಮಿಲ್ಲಿಗೆ ಕರೆದೊಯ್ದು, ದಿಮ್ಮಿಯೊಂದು ನಾಲ್ಕು ಮೂಲೆಯ ತೊಲೆಯಾಗುವುದನ್ನು ಮೊದಲಿಂದ ಕಡೆಯವರೆಗೆ ನೋಡಿಸುತ್ತಿದ್ದರು. ತೊಗಟೆ ಉದುರಿತು, ದುಂಡನೆಯ ಬೆನ್ನುಹಲಗೆಗಳು ಸೌದೆಯ ರಾಶಿಗೆ ಬಿದ್ದುವು, ಗರಗಸ ನಡೆದ ದಾರಿಯ ಮರವೆಲ್ಲ ಹೊಟ್ಟಾಗಿ ನಮ್ಮ ಕಾಲ ಬೆರಳುಗಳನ್ನು ಮುಚ್ಚಿತು. ಕೊಂಡವನಿಗೆ ದಕ್ಕದ ಆ ಮರಕ್ಕೆ ಅವನಿಂದ ಹಣ ಕೇಳಬಾರದೆಂದು ಹಿಂದಿನವರು ಕಾಲುಸುತ್ತಳತೆಯ ಲೆಕ್ಕದೊಳಗೇ ಬಿಟ್ಟುಕೊಟ್ಟಿದ್ದರು. ಎರಡು ಲೆಕ್ಕಗಳ ನಡುವಿನ ಅನುಪಾತ ದಿಮ್ಮಿ ದಪ್ಪವಾಗಿರಲಿ ಸಣ್ಣದಾಗಿರಲಿ ಬದಲಾಗುವುದಿಲ್ಲ, ಅದು ಯಾವಾಗಲೂ ಪೈಯ ಕಾಲುಭಾಗವೇ, ಎಂಬುದನ್ನು ಸೋಮವಾರ ನಮ್ಮಿಂದಲೇ ಸಾಧನೆ ಮಾಡಿಸಿದ ಮೇಲೆ ಮೇಷ್ಟ್ರು ಹೇಳಿದ ಮಾತು ನನಗೆ ನೆನಪಿದೆ: "ನೋಡ್ರಪ್ಪಾ, ಮಾರುವವನಿಗೂ ಕೊಳ್ಳುವವನಿಗೂ ಇಬ್ಬರಿಗೂ ಗೊತ್ತಿರೋ ವ್ಯತ್ಯಾಸ ಮೋಸ ಅಲ್ಲ. ಒಬ್ಬನಿಗೆ ಮಾತ್ರ ಗೊತ್ತಿದ್ದರೆ ಅದು ಮೋಸ. ಅದಕ್ಕೇ ಲೆಕ್ಕ ಕಲೀಬೇಕು." ಗಣಿತವನ್ನು ಏಕೆ ಕಲಿಯಬೇಕೆಂಬ ಪ್ರಶ್ನೆಗೆ ಇದಕ್ಕಿಂತ ತೃಪ್ತಿಕರವಾದ ಸಮಾಧಾನವನ್ನು ನಾನು ಆಮೇಲೆ ಓದಿದ ಯಾವ ಗ್ರಂಥದಲ್ಲಿಯೂ ಕಾಣಲಿಲ್ಲ.

ಮರಗೆಲಸದ ಕೊಠಡಿಯಲ್ಲಿ ಶಿಸ್ತು ಬೇರೆ ಬಗೆಯದು. ಉಳಿ, ಬಾಚಿ, ಹತ್ತರಿ, ಕೊಡತಿ, ಬೈರಿಗೆ, ಮೂಲೆಮಟ್ಟ, ಎಲ್ಲಕ್ಕೂ ಗೋಡೆಯ ಮೇಲೆ ಅದರದರ ಆಕಾರದ ಗೆರೆ ಎಳೆದಿತ್ತು. ಬರಿಯ ಗೆರೆ ಕಂಡರೆ ಒಂದು ಆಯುಧ ಎಲ್ಲಿಯೋ ಬಿದ್ದಿದೆಯೆಂದು ಅರ್ಥ, ಅದು ಸಿಕ್ಕುವವರೆಗೆ ಯಾರಿಗೂ ಬಿಡುವಿಲ್ಲ. ಹೊಸದಾಗಿ ಬಂದ ಹುಡುಗನಿಗೆ ಮರವನ್ನು ಮುಟ್ಟುವ ಅವಕಾಶ ಎಷ್ಟೋ ದಿನ ದೊರೆಯುತ್ತಿರಲಿಲ್ಲ. ಮಸೆಗಲ್ಲಿನ ಮೇಲೆ ನೀರು ಚಿಮುಕಿಸಿ ಉಳಿಯನ್ನು ಒಂದೇ ಓರೆಯಲ್ಲಿ ಹಿಡಿದು ಮಸೆಯುವುದೇ ಅವನ ಕೆಲಸ. ಓರೆ ತಪ್ಪಿದರೆ ಅಲಗು ಉಬ್ಬುತ್ತದೆ, ಉಬ್ಬಿದ ಉಳಿ ಮರವನ್ನು ಕೊಯ್ಯದೆ ಕೀಳುತ್ತದೆ, ಮೊಂಡ ಉಳಿಗೆ ಬಲ ಹೆಚ್ಚು ಬೇಕಾಗಿ ಅದು ಜಾರಿ ಕೈಗೆ ತಾಗುತ್ತದೆ. ಹರಿತವಾದ ಆಯುಧಕ್ಕಿಂತ ಮೊಂಡ ಆಯುಧವೇ ಅಪಾಯವೆಂಬುದನ್ನು ಅವರು ಮಾತಿನಲ್ಲಿ ಹೇಳುತ್ತಿರಲಿಲ್ಲ. ತಮ್ಮ ಎಡಗೈಯ ಹೆಬ್ಬೆರಳ ಬುಡದಲ್ಲಿದ್ದ ಹಳೆಯ ಗಾಯದ ಕಲೆಯನ್ನು ತೋರಿಸುತ್ತಿದ್ದರು. ಮಸೆದ ಉಳಿಯನ್ನು ಅವರು ಪರೀಕ್ಷಿಸುತ್ತಿದ್ದುದು ಹಲಸಿನ ಚೂರೊಂದರ ಅಡ್ಡಕೊಯ್ತದ ಮೇಲೆ. ಕೊಯ್ದ ಮೈ ಹೊಳೆದರೆ ಸರಿ, ಮಂಕಾಗಿದ್ದರೆ ಮತ್ತೆ ಕಲ್ಲಿನ ಬಳಿಗೆ.

ರಜೆಯ ದಿನಗಳಲ್ಲಿ ಅವರು ಬಡಗಿಯೇ. 1949ರಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ತೊಡಗಿದ ರಾಜಾಜಿನಗರ ಬೆಳೆದು, ಅದರ ಬೆನ್ನಿಗೆ ವಿಜಯನಗರ, ಬಸವೇಶ್ವರನಗರಗಳು ಹಬ್ಬಿದಾಗ, ನಗರದ ಪಶ್ಚಿಮಕ್ಕೆ ಮನೆ ಕಟ್ಟುವವರಿಗೂ ಬಾಗಿಲು ಮಾಡುವವರಿಗೂ ಬಿಡುವಿರಲಿಲ್ಲ. ಮೇಷ್ಟ್ರು ಸೈಕಲ್ಲಿನ ಹಿಂದೆ ಆಯುಧದ ಚೀಲ ಕಟ್ಟಿಕೊಂಡು ಹೋಗಿ ಮಾಡಿದ ಬಾಗಿಲುವಾಡಗಳು ಈ ಬಡಾವಣೆಗಳಲ್ಲಿ ಎಷ್ಟೋ ಇದ್ದುವು. ಬಾಗಿಲು ನಿಲ್ಲಿಸುವ ಶಾಸ್ತ್ರದ ದಿನ ಅರಿಸಿನ ಕುಂಕುಮ ಹಚ್ಚಿ, ನವಧಾನ್ಯದ ಗಂಟು ಕಟ್ಟಿ, ಮನೆಯವರು ಕೊಟ್ಟ ವೀಳ್ಯ ಪಂಚೆಗಳನ್ನು ಅವರು ಬಡಗಿಯಾಗಿ ಸ್ವೀಕರಿಸುತ್ತಿದ್ದರು. ಅದೇ ಮನೆಯವರು ಮಗನ ಓದಿನ ವಿಷಯ ಎತ್ತಿದರೆ ಮೇಷ್ಟ್ರಾಗಿ ಗದರುತ್ತಿದ್ದರು. ವಾಡದ ಮೂಲೆ ನೆಟ್ಟಗಿದೆಯೇ ಎಂದು ನೋಡಲು ಒಂದು ಬದಿಗೆ ಮೂರು ಅಡಿ, ಇನ್ನೊಂದು ಬದಿಗೆ ನಾಲ್ಕು ಅಡಿ ಗುರುತು ಹಾಕಿ, ನಡುವೆ ದಾರ ಹಿಡಿದು ಐದು ಅಡಿ ಬರುತ್ತದೆಯೇ ಎಂದು ಪರೀಕ್ಷಿಸುವುದನ್ನು ನಮ್ಮಿಂದಲೇ ಮಾಡಿಸಿ, ಶುಲ್ಬಸೂತ್ರದ ಬೌಧಾಯನನಿಗೂ ಇದು ಗೊತ್ತಿತ್ತು, ಯಜ್ಞವೇದಿಯನ್ನು ಅಳೆದವರಿಗೂ ಬಾಗಿಲು ಇಟ್ಟವರಿಗೂ ಬೇಕಾದ ದಾರ ಒಂದೇ, ಎನ್ನುವಾಗ ಅವರ ದನಿಯಲ್ಲಿ ತಮ್ಮ ಕುಲವೃತ್ತಿಯ ವಿಷಯವಾದ ಒಂದು ನಿರ್ಮಲವಾದ ಅಭಿಮಾನ ತುಂಬಿರುತ್ತಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನೂ ಅವನ ಪತ್ನಿ ಕಾಳವ್ವೆಯೂ ವಚನಗಳನ್ನು ರಚಿಸಿದವರೆಂಬುದನ್ನು ನಾನು ಮೊದಲು ಕೇಳಿದುದು ಕನ್ನಡದ ತರಗತಿಯಲ್ಲಲ್ಲ, ವಿಜಯನಗರದ ಅರೆ ಕಟ್ಟಿದ ಮನೆಯೊಂದರಲ್ಲಿ, ಅವರ ಬಾಯಿಂದ.

ಅವರು ಮಾಡಿದ ಬಾಗಿಲಿನ ಹಲಗೆಗಳು ಚೌಕಟ್ಟಿನ ತೋಡಿನೊಳಗೆ ಅಂಟು ಮೊಳೆಗಳಿಲ್ಲದೆ ಸಡಿಲವಾಗಿ ಕುಳಿತಿರುತ್ತಿದ್ದುವು. ಆಷಾಢದಲ್ಲಿ ತೇವ ಹೀರಿ ಅಡ್ಡಗಲಕ್ಕೆ ಹಿಗ್ಗುವ, ಮಾಘ ಕಳೆದು ಬಿಸಿಲು ಏರಿದಂತೆ ಕುಗ್ಗುವ ಹಲಗೆಯನ್ನು ಅಲುಗದಂತೆ ಬಿಗಿದರೆ ಅದು ಎಂದಾದರೊಂದು ದಿನ ಸೀಳಿಯೇ ತೀರುತ್ತದೆ. ಮನೆಯ ಯಜಮಾನನೊಬ್ಬ, "ಆಚಾರ್ರೇ, ಹಲಗೆ ಅಲ್ಲಾಡ್ತದಲ್ಲ, ಒಂದು ಮೊಳೆ ಹೊಡೆದುಬಿಡಿ" ಎಂದು ಪಟ್ಟು ಹಿಡಿದಾಗ, ಮೇಷ್ಟ್ರು ಕೂಲಿಯನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದರೇ ಹೊರತು ಮೊಳೆ ಹೊಡೆಯಲಿಲ್ಲ.

ಶಾಲೆಯ ವಾರ್ಷಿಕೋತ್ಸವವೊಂದರಲ್ಲಿ ಅತಿಥಿಗಳು ಅವರನ್ನು ಹೊಗಳುತ್ತ, ಒರಟು ಮರವನ್ನು ಕೆತ್ತಿ ಸುಂದರ ಮೂರ್ತಿಯಾಗಿಸುವಂತೆ ಮೇಷ್ಟ್ರು ಮಕ್ಕಳನ್ನು ಕೆತ್ತುತ್ತಾರೆಂದು ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಮೇಷ್ಟ್ರ ಮುಖ ಕಂದಿತು, ವಂದನಾರ್ಪಣೆಗೆ ನಿಂತವರು ಮೆಲ್ಲಗೆ ಹೇಳಿದರು: "ಮರ ಕಡಿದ ಮೇಲೆ ಬೆಳೆಯೋದಿಲ್ಲ ಸ್ವಾಮಿ, ಉಳಿಗೆ ಎದುರು ಮಾತಾಡೋದೂ ಇಲ್ಲ. ಹುಡುಗರು ಬೆಳೀತಾರೆ, ಮಾತಾಡ್ತಾರೆ. ಅವರನ್ನ ಕೆತ್ತೋ ಕೆಲಸ ನನ್ನದಲ್ಲ." ಉಪಾಧ್ಯಾಯರನ್ನು ಶಿಲ್ಪಿಯೆಂದು ಕರೆಯುವ ವಾಡಿಕೆ ನಮ್ಮ ಭಾಷಣಗಳಲ್ಲಿ ಇನ್ನೂ ನಿಂತಿಲ್ಲ. ಶಿಲ್ಪದ ಕಷ್ಟವನ್ನು ಕೈಯಾರೆ ಬಲ್ಲವರೊಬ್ಬರು ಆ ಹೊಗಳಿಕೆಯನ್ನು ನಿರಾಕರಿಸಿದರೆಂಬುದನ್ನು ಶಿಕ್ಷಕರ ದಿನಾಚರಣೆಯ ಭಾಷಣಕಾರರು ಒಮ್ಮೆ ಆಲೋಚಿಸಬೇಕು.

ಓದು ಹತ್ತದ ಹುಡುಗರ ತಾಯಂದಿರು ಅವರ ಜಗುಲಿಗೆ ಬರುತ್ತಿದ್ದರು. "ಮೇಷ್ಟ್ರೇ, ನಮ್ ಹುಡ್ಗಂಗೆ ತಲೆಗೇ ಹತ್ತಲ್ಲ, ನಿಮ್ ಜೊತೆ ಕೆಲ್ಸಕ್ಕಾದ್ರೂ ಹಾಕ್ಕೊಳಿ" ಎನ್ನುವ ಮಾತು ಅವರಿಗೆ ಎರಡು ಬಗೆಯ ನೋವನ್ನು ತರುತ್ತಿತ್ತು: ಹುಡುಗನಿಗೆ ತಲೆಯಿಲ್ಲವೆಂದುದಕ್ಕೆ ಒಂದು, ತಲೆಯಿಲ್ಲದವನಿಗೆ ಮರಗೆಲಸ ಸಾಕೆಂದುದಕ್ಕೆ ಇನ್ನೊಂದು. ತಾಯಿಯನ್ನು ಸಮಾಧಾನಗೊಳಿಸಿ ಕಳುಹಿಸಿ ಹುಡುಗನನ್ನು ಮಾತ್ರ ಇರಿಸಿಕೊಳ್ಳುತ್ತಿದ್ದರು.

ಚನ್ನಪಟ್ಟಣಕ್ಕೆ ನಮ್ಮನ್ನು ಪ್ಯಾಸೆಂಜರ್ ರೈಲಿನಲ್ಲಿ ಕರೆದೊಯ್ದುದುಂಟು. ಹಾಲೆಮರದ ತುಂಡು ಪಟ್ಟಡಿಯಲ್ಲಿ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಬಣ್ಣ ಮರದ ಮೈಗೆ ಹತ್ತಿಕೊಳ್ಳುವುದನ್ನು ನೋಡಿ ನಾವು ಬೆರಗಾದೆವು. ಮೇಷ್ಟ್ರು ಬೆರಗಾದುದು ಬಾವಾಸ್ ಮಿಯಾನರ ಕಥೆಗೆ. ಚನ್ನಪಟ್ಟಣದ ಗೊಂಬೆಗಳ ಪಿತಾಮಹರೆಂದು ಜನ ಇಂದಿಗೂ ನೆನೆಯುವ ಅವರು ಜಪಾನಿನ ಅರಗಿನ ಕೆಲಸದ ಕ್ರಮವನ್ನು ನಮ್ಮ ಮರಕ್ಕೆ ಹೊಂದಿಸಿ, ತಾವು ತಿಳಿದುದನ್ನು ಗುಟ್ಟಾಗಿಡದೆ ಊರಿನ ಕುಶಲಕರ್ಮಿಗಳಿಗೆಲ್ಲ ಕಲಿಸಿದವರು. ತಿರುಗಿ ಬರುವಾಗ ರೈಲಿನಲ್ಲಿ ಮೇಷ್ಟ್ರು ಬಹಳ ಹೊತ್ತು ಅವರ ವಿಷಯವನ್ನೇ ಆಡಿದರು. ಕಲಿತ ಕಸುಬನ್ನು ಮಗನಿಗೆ ಮಾತ್ರ ಕೊಟ್ಟು ಹೋದವರು ಅಸಂಖ್ಯ; ಊರಿಗೇ ಕೊಟ್ಟು ಹೋದವರು ವಿರಳ.

ಆ ಶಾಲೆಯಿಂದ ಹೊರಬಿದ್ದವರಲ್ಲಿ ಹಲವರು ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳನ್ನು ಸೇರಿದರು. ಅವರಲ್ಲಿ ಒಬ್ಬ ಎರಕದ ಅಚ್ಚಿಗೆ ಬೇಕಾಗುವ ಮರದ ಮಾದರಿಗಳನ್ನು ಮಾಡುವ ಪ್ಯಾಟರ್ನ್ ಮೇಕರ್ ಆದ. ಕರಗಿದ ಬೀಡು ಆರುವಾಗ ಅಡಿಗೆ ಸುಮಾರು ಅಂಗುಲದ ಎಂಟನೆಯ ಒಂದು ಪಾಲು ಕುಗ್ಗುವುದರಿಂದ ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಅಲ್ಯೂಮಿನಿಯಂ ಅದಕ್ಕಿಂತ ಹೆಚ್ಚು, ಉಕ್ಕು ಇನ್ನೂ ಹೆಚ್ಚು ಕುಗ್ಗುತ್ತದೆ. ಪ್ರತಿಸಲ ಕೂಡುವ ತೊಡಕು ಬೇಡವೆಂದು ಆ ಕೆಲಸದವರು ಹಿಗ್ಗಿಸಿದ ಗುರುತುಗಳುಳ್ಳ ಬೇರೆ ಸ್ಕೇಲನ್ನೇ ಬಳಸುತ್ತಾರೆ. ಈ ಶಿಷ್ಯ ಮೊದಲ ಸಂಬಳದ ತಿಂಗಳಲ್ಲಿ ಅಂಥದೊಂದು ಸ್ಕೇಲನ್ನು ತಂದು ಮೇಷ್ಟ್ರ ಕೈಗಿತ್ತಾಗ, ಅವರು ಅದನ್ನು ತಮ್ಮ ಸಾಧಾರಣ ಸ್ಕೇಲಿನ ಪಕ್ಕದಲ್ಲಿಟ್ಟು ಸೂರ್ಯನ ಬೆಳಕಿಗೆ ಹಿಡಿದು, ತಂದೆಯ ಗಾಡಿಚಕ್ರದ ಪಟ್ಟಿಯನ್ನು ನೆನೆದು, "ಅಪ್ಪ ಕಣ್ಣಳತೇಲಿ ಮಾಡ್ತಿದ್ದುದನ್ನ ಇವರು ಕಡ್ಡಿ ಮೇಲೆ ಬರೆದವ್ರೆ ಕಣೋ" ಎಂದರಂತೆ. ಮರುವರ್ಷದಿಂದ ಶೇಕಡಾವಾರಿನ ಪಾಠಕ್ಕೆ ಆ ಎರಡು ಸ್ಕೇಲುಗಳೇ ಉಪಕರಣವಾದುವು.

ಮರಗೆಲಸದ ತರಗತಿ ಅವರ ನಿವೃತ್ತಿಯ ನಂತರ ಬಹುಕಾಲ ಉಳಿಯಲಿಲ್ಲ. ಈಶ್ವರಭಾಯಿ ಪಟೇಲ್ ಸಮಿತಿ 1977ರಲ್ಲಿ ಸೂಚಿಸಿದ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂಬುದು ಅನೇಕ ಕಡೆ ವೇಳಾಪಟ್ಟಿಯ ಒಂದು ಚೌಕವಾಗಿ, ಅನಂತರ ಥರ್ಮೋಕೋಲಿನ ಮಾದರಿಗಳಾಗಿ, ಕೊನೆಗೆ ಹತ್ತನೆಯ ತರಗತಿಯ ವಿಶೇಷ ಪಾಠಗಳ ಅವಧಿಯಾಗಿ ಪರ್ಯವಸಾನ ಹೊಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹತ್ತು ದಿನಗಳ ಚೀಲವಿಲ್ಲದ ಕಲಿಕೆಯನ್ನು ಹೇಳಿ, ಆ ದಿನಗಳಲ್ಲಿ ಅವರು ಸ್ಥಳೀಯ ಬಡಗಿ, ತೋಟಗಾರ, ಕುಂಬಾರರ ಬಳಿ ಕಲಿಯಬೇಕೆಂದು ಬರೆದಿದೆ. ಆ ನೀತಿಯ ಇತರ ಅಂಶಗಳ ವಿಷಯದಲ್ಲಿ ಭಿನ್ನಾಭಿಪ್ರಾಯಗಳು ಏನೇ ಇರಲಿ, ಈ ಮಾತು ನನಗೆ ಪ್ರಿಯವಾಗಿದೆ. ಆದರೆ ಉಳಿ ಮಸೆಯುವುದಕ್ಕೇ ಹತ್ತು ದಿನ ಸಾಲದೆಂಬುದನ್ನು ನೀತಿಯನ್ನು ಬರೆದವರಿಗೆ ಯಾರಾದರೂ ತಿಳಿಸಬೇಕು. ಬಡಗಿ ಶಾಲೆಗೆ ಅತಿಥಿಯಾಗಿ ಬಂದು ಹೋದರೆ ಮಕ್ಕಳಿಗೆ ಸಿಕ್ಕುವುದು ಒಂದು ವಿನೋದ. ನಮಗೆ ಸಿಕ್ಕ ಸೌಭಾಗ್ಯ ಬೇರೆ, ಬಡಗಿಯೇ ನಮ್ಮ ಮೇಷ್ಟ್ರಾಗಿದ್ದರು, ಸೋಮವಾರದ ಗಣಿತ ಅವರಿಗೆ ಶನಿವಾರದ ಮಿಲ್ಲಿನಿಂದಲೇ ಬರುತ್ತಿತ್ತು.

ಅವರು ಬಾಗಿಲು ಇಟ್ಟ ಮನೆಗಳು ಈಗ ಒಂದೊಂದಾಗಿ ಕೆಡವಲ್ಪಟ್ಟು ಅಪಾರ್ಟ್‌ಮೆಂಟುಗಳಾಗುತ್ತಿವೆ. ಕೆಡವಿದವರು ಹಳೆಯ ತೇಗದ ವಾಡಗಳನ್ನು ಸುತ್ತಿಗೆಯಿಂದ ಒಡೆಯಲು ಹೋಗಿ, ಕೀಲುಗಳು ಬಿಡದಿರುವುದನ್ನು ಕಂಡು ಇಡಿಯಾಗಿಯೇ ಹಳೆ ಮರದ ಅಂಗಡಿಗಳಿಗೆ ಮಾರುತ್ತಾರೆ. ಮೇಷ್ಟ್ರು ತಮ್ಮ ಕಡೆಯ ವರ್ಷಗಳಲ್ಲಿ ಮಗನ ಸ್ಕೂಟರಿನ ಹಿಂದೆ ಕುಳಿತು ಅಂಥ ಅಂಗಡಿಗೆ ಹೋಗಿದ್ದಾಗ, ಸಾಲಾಗಿ ಒರಗಿಸಿದ್ದ ವಾಡಗಳಲ್ಲಿ ತಮ್ಮದನ್ನು ಗುರುತಿಸಿದರಂತೆ. ದುಃಖಪಟ್ಟರೇ ಎಂದು ನಾನು ಮಗನನ್ನು ಕೇಳಿದೆ. ಇಲ್ಲ, ಮೂಲೆಗೆ ಕೈಯಿಟ್ಟು ನೋಡಿ, ಇನ್ನೂ ನೆಟ್ಟಗಿದೆ ಎಂದು ಅಂಗಡಿಯವನಿಗೆ ಹೇಳಿ, ಬೆಲೆ ಕಡಮೆ ಹೇಳಬೇಡವೆಂದು ಬುದ್ಧಿ ಹೇಳಿ ಬಂದರಂತೆ.

ಅವರು ತೀರಿಕೊಂಡ ಮೇಲೆ ಆಯುಧಗಳ ಪೆಟ್ಟಿಗೆಯನ್ನು ನೆನಪಿಗೆಂದು ಬೀಗ ಹಾಕಿಡಬಾರದು, ಕೆಲಸ ಮಾಡುವವರಿಗೆ ಹಂಚಬೇಕು ಎಂಬುದು ಅವರೇ ಹೇಳಿಹೋದ ಏರ್ಪಾಡು. ಹತ್ತರಿಗಳು ಬಡಗಿಗಳಾದ ಶಿಷ್ಯರಿಗೆ ಹೋದುವು, ಮೂಲೆಮಟ್ಟ ಊರಿನ ಗಾರೆಯವರೊಬ್ಬರಿಗೆ ಹೋಯಿತು. ಕುಗ್ಗುವಿಕೆಯ ಸ್ಕೇಲು ಅದನ್ನು ತಂದುಕೊಟ್ಟವನ ಮನೆಗೇ ಮರಳಿತು. ಅವನ ಕಾರ್ಖಾನೆಯಲ್ಲಿ ಈಗ ಮಾದರಿಗಳನ್ನು ಕೊರೆಯುವುದು ಕಂಪ್ಯೂಟರಿನ ಯಂತ್ರ. ಆದರೆ ಬೀಡಿಗೆಷ್ಟು, ಅಲ್ಯೂಮಿನಿಯಮ್ಮಿಗೆಷ್ಟು ಎಂಬ ಕುಗ್ಗುವಿಕೆಯ ಲೆಕ್ಕವನ್ನು ಅದಕ್ಕೂ ಯಾರಾದರೂ ಮೊದಲು ತಿಳಿಸಲೇಬೇಕು. ತಿಳಿಸುತ್ತಿರುವವಳು ಅವನ ಮಗಳು, ಮೇಷ್ಟ್ರ ಜಗುಲಿಯಲ್ಲಿ ಶೇಕಡಾವಾರು ಕಲಿತ ಕೊನೆಯ ತಂಡದವಳು.